ಬಿಸಿ ಎಲ್ಲಿಂದ ಎಲ್ಲಿಗೆ? ಕೊಡಗಿನ ಒಲೆ, ಕಣ, ಕಂಬಳಿಯ ಸುತ್ತ ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿ ಈಗ ಮಡಿಕೇರಿಯಿಂದ ಸ್ವಲ್ಪ ದೂರದಲ್ಲಿ ಎರಡೂವರೆ ಎಕರೆ ಕಾಫಿ ನೋಡಿಕೊಂಡಿದ್ದೇನೆ. ನಾನು ಪಾಠ ಬಿಟ್ಟರೂ ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ. ಹಳೇ ವಿದ್ಯಾರ್ಥಿಗಳು ಫೋನ್ ಮಾಡಿ ಕೇಳುತ್ತಾರೆ, ಕಣದ ಕೆಲಸಕ್ಕೆ ಬರುವವರು ಕೇಳುತ್ತಾರೆ, ಮದುವೆ ಊಟದಲ್ಲಿ ಪಕ್ಕದ ಎಲೆಯವರೂ ಕೇಳುತ್ತಾರೆ. ಶಾಖದ ವಿಷಯಕ್ಕೆ ಬಂದರೆ ಅವೇ ಹದಿಮೂರು ಹದಿನಾಲ್ಕು ಪ್ರಶ್ನೆಗಳು ಸುತ್ತುತ್ತಿರುತ್ತವೆ. ಕೇಳಿದವರ ಬಾಯಲ್ಲಿ ಬಂದ ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆಯುವಂಥದ್ದು ಆಮೇಲೆ.

## ಮೊದಲ ಮೆಟ್ಟಿಲು

"ಬಾಗಿಲು ಹಾಕೋ, ಚಳಿ ಒಳಗೆ ಬರ್ತದೆ" ಅಂತ ಅಮ್ಮ ಬೈತಾರೆ. ಚಳಿ ಒಳಗೆ ಬರೋದಾ, ಬಿಸಿ ಹೊರಗೆ ಹೋಗೋದಾ ಸಾರ್?

ಅಮ್ಮನ ಮಾತು ಅರ್ಧ ಸರಿ. ಬಾಗಿಲು ತೆರೆದಿದ್ದರೆ ಹೊರಗಿನ ತಣ್ಣನೆ ಗಾಳಿ ನೆಲದ ಮಟ್ಟದಲ್ಲಿ ನಿಜಕ್ಕೂ ಒಳಗೆ ನುಗ್ಗುತ್ತದೆ, ಮೇಲಿನಿಂದ ಬೆಚ್ಚನೆ ಗಾಳಿ ಹೊರಗೆ ಜಾರುತ್ತದೆ. ಒಂದು ಊದುಬತ್ತಿ ಹಚ್ಚಿ ಹೊಸ್ತಿಲ ಹತ್ತಿರ ಹಿಡಿಯಿರಿ, ಹೊಗೆ ಒಳಕ್ಕೆ ಬಾಗುತ್ತದೆ. ಅದನ್ನೇ ಬಾಗಿಲ ಮೇಲಿನ ಪಟ್ಟಿಯ ಹತ್ತಿರ ಹಿಡಿದರೆ ಹೊರಕ್ಕೆ ಎಳೆಯುತ್ತದೆ.

ಆದರೆ ಬಾಗಿಲು ಹಾಕಿದ ಮೇಲೂ ಕೋಣೆ ತಣ್ಣಗಾಗುತ್ತಲೇ ಇರುತ್ತದಲ್ಲ, ಅಲ್ಲಿ ಅಮ್ಮನ ಲೆಕ್ಕ ತಪ್ಪುತ್ತದೆ. ಚಳಿ ಎನ್ನುವ ವಸ್ತು ಯಾವುದೂ ಗೋಡೆ ತೂರಿ ಬರುವುದಿಲ್ಲ. ಒಳಗಿನ ಶಾಖವೇ ಗೋಡೆ, ಕಿಟಕಿ ಗಾಜು, ಹೆಂಚುಗಳ ಮೂಲಕ ಹೊರಗೆ ಸೋರುತ್ತದೆ. ಒಳಗೂ ಹೊರಗೂ ಸಮ ಆಗುವ ತನಕ ಈ ಸೋರಿಕೆ ನಿಲ್ಲುವುದಿಲ್ಲ.

ಶಾಖ, ಉಷ್ಣಾಂಶ, ತಾಪ, ಬಿಸಿ... ಎಲ್ಲ ಒಂದೇ ಅಲ್ವಾ? ಯಾಕೆ ಇಷ್ಟು ಹೆಸರು?

ಹೆಸರಿನ ಗೊಂದಲಕ್ಕೆ ಪಠ್ಯಪುಸ್ತಕ ಬರೆದವರೂ ಕಾರಣ, ಪತ್ರಿಕೆಯವರೂ ಕಾರಣ. ನಾನು ಇಲ್ಲಿ ಎರಡೇ ಪದ ಇಟ್ಟುಕೊಂಡಿದ್ದೇನೆ. ಥರ್ಮಾಮೀಟರು ತೋರಿಸುವುದು ಉಷ್ಣಾಂಶ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿದು ಹೋಗುವ ಶಕ್ತಿ ಶಾಖ.

ಒಲೆಯಿಂದ ಹಾರುವ ಕಿಡಿಯ ಉಷ್ಣಾಂಶ ಎಷ್ಟೋ ನೂರು ಡಿಗ್ರಿ. ಕೈಮೇಲೆ ಬಿದ್ದರೆ ಚುರುಕ್ ಎಂದು ಆರಿಹೋಗುತ್ತದೆ, ಅದರೊಳಗೆ ಕೊಡಲು ಹೆಚ್ಚೇನೂ ಇಲ್ಲ. ಹಂಡೆಯ ಸ್ನಾನದ ನೀರು ಬರೀ 45 ಡಿಗ್ರಿ, ಆದರೆ ಅದರೊಳಗೆ ತುಂಬಿದ ಶಾಖ ದೊಡ್ಡದು. ಲೆಕ್ಕ ಹಾಕೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. 40 ಲೀಟರನ್ನು 20ರಿಂದ 45ಕ್ಕೆ ಏರಿಸಲು 4,200 ಕಿಲೋಜೂಲ್. ಒಣ ಸೌದೆ ಕಿಲೋಗೆ ಸುಮಾರು 15,000 ಕಿಲೋಜೂಲ್ ಕೊಡುತ್ತದೆ. ಅಂದರೆ ಲೆಕ್ಕದ ಪ್ರಕಾರ ಕಾಲು ಕಿಲೋ ಸೌದೆ ಚಿಲ್ಲರೆಯಲ್ಲಿ ಸ್ನಾನ ಮುಗಿಯಬೇಕು!

ನಮ್ಮ ಬಚ್ಚಲೊಲೆ ದಿನಾ ಒಂದು ತೋಳು ಸಿಲ್ವರ್ ಓಕ್ ಕೊಂಬೆ ನುಂಗುತ್ತದೆ. ಉಳಿದ ಶಾಖವೆಲ್ಲ ಹೊಗೆಯ ಜೊತೆ ಚಿಮಣಿ ಹತ್ತುತ್ತದೆ. ಮಳೆಗಾಲದಲ್ಲಂತೂ ಒದ್ದೆ ಸೌದೆಯೊಳಗಿನ ನೀರನ್ನು ಆವಿ ಮಾಡುವುದಕ್ಕೇ ಒಂದಷ್ಟು ಬೆಂಕಿ ದಂಡ.

ಡಿಸೆಂಬರಲ್ಲಿ ಬೆಳಿಗ್ಗೆ ಕಬ್ಬಿಣದ ಗೇಟು ಮುಟ್ಟಿದ್ರೆ ಕೈ ಜುಂ ಅಂತದೆ, ಪಕ್ಕದ ಮರದ ಕಂಬ ಹಾಗಾಗಲ್ಲ. ಎರಡೂ ರಾತ್ರಿಯಿಡೀ ಹೊರಗೇ ಇತ್ತಲ್ಲ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ, ಯಾಕೆಂದರೆ ಇದನ್ನು ಕೇಳುವವರು ನಿಜವಾಗಿಯೂ ಮುಟ್ಟಿ ನೋಡಿರುತ್ತಾರೆ. ಗೇಟಿಗೂ ಕಂಬಕ್ಕೂ ಥರ್ಮಾಮೀಟರು ತಾಗಿಸಿ ನೋಡಿ, ಹೆಚ್ಚುಕಡಿಮೆ ಒಂದೇ ಅಂಕಿ ಬರುತ್ತದೆ.

ನಮ್ಮ ಕೈಯ ಚರ್ಮ ಸುಮಾರು 33 ಡಿಗ್ರಿ. ಗೇಟು, ಕಂಬ ಎರಡೂ 14 ಡಿಗ್ರಿ ಎಂದಿಟ್ಟುಕೊಳ್ಳಿ. ಮುಟ್ಟಿದ ಕೂಡಲೇ ಕೈಯಿಂದ ಶಾಖ ಹರಿಯತೊಡಗುತ್ತದೆ. ಕಬ್ಬಿಣ ಶಾಖವನ್ನು ಮರಕ್ಕಿಂತ ಸುಮಾರು 300 ಪಟ್ಟು ಸಲೀಸಾಗಿ ದಾಟಿಸುತ್ತದೆ. ಬಂದದ್ದನ್ನು ಬಂದ ಹಾಗೇ ಆಚೆ ಸಾಗಿಸಿ ಇನ್ನಷ್ಟು ಎಳೆದುಕೊಳ್ಳುತ್ತದೆ. ಮರದಲ್ಲಿ ಬೆರಳು ತಾಗಿದ ಜಾಗವಷ್ಟೇ ಬೆಚ್ಚಗಾಗಿ ಹರಿವು ಕುಂಟುತ್ತದೆ. ಕೈಗೆ ತಿಳಿಯುವುದು ಶಾಖ ಎಷ್ಟು ಬೇಗ ಹೋಗುತ್ತಿದೆ ಎನ್ನುವುದು ಮಾತ್ರ, ಡಿಗ್ರಿ ಎಷ್ಟೆಂದು ಅದಕ್ಕೆ ಗೊತ್ತಾಗುವುದಿಲ್ಲ.

ಏಪ್ರಿಲ್ ಮಧ್ಯಾಹ್ನ ಕುಶಾಲನಗರದ ಬಿಸಿಲಿನಲ್ಲಿ ನಿಂತ ಬೈಕಿನ ಟ್ಯಾಂಕ್ ಮುಟ್ಟಿ. ಅದೇ ಲೆಕ್ಕ, ಹರಿವಿನ ದಿಕ್ಕು ಮಾತ್ರ ತಿರುಗಿರುತ್ತದೆ.

ಕಂಬಳಿ ಬಿಸಿ ಕೊಡ್ತದಾ? ಹಾಗಾದ್ರೆ ಐಸ್ ಸುತ್ತಿದ್ರೆ ಬೇಗ ಕರಗಬೇಕಲ್ಲ?

ಸುತ್ತಿ ನೋಡಿ. ಕಂಬಳಿಯೊಳಗಿನ ಐಸ್ ಹೊರಗಿಟ್ಟದ್ದಕ್ಕಿಂತ ತುಂಬ ಹೊತ್ತು ಉಳಿಯುತ್ತದೆ. ಹಿಂದೆ ಐಸನ್ನು ಮರದ ಹೊಟ್ಟಿನಲ್ಲಿ ಹೂಳುತ್ತಿದ್ದರು, ಈಗ ಮೀನಿನವರ ಹತ್ತಿರ ಥರ್ಮಾಕೋಲ್ ಡಬ್ಬಿ ಇದೆ. ಎಲ್ಲದರೊಳಗಿನ ಗುಟ್ಟು ಒಂದೇ, ಅಲ್ಲಾಡದೆ ಸಿಕ್ಕಿಬಿದ್ದ ಗಾಳಿ. ಗಾಳಿಯಷ್ಟು ಸೋಮಾರಿಯಾಗಿ ಶಾಖ ದಾಟಿಸುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ.

ಬಿಸಿ ಕೊಡುವುದು ನೀವೇ. ಸುಮ್ಮನೆ ಕೂತ ದೊಡ್ಡವರ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತದೆ, ಹಳೇ ಕಾಲದ ಬಲ್ಬಿನಷ್ಟು. ಕಂಬಳಿ ಅದನ್ನು ನಿಧಾನ ಮಾಡುತ್ತದೆ, ಅಷ್ಟೇ. ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ ಬಟ್ಟೆ ನೆನೆದರೆ ಚಳಿ ಹತ್ತುವುದಕ್ಕೂ ಇದೇ ಕಾರಣ. ಗಾಳಿ ಇದ್ದ ಜಾಗಕ್ಕೆ ನೀರು ಬಂತು, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖ ದಾಟಿಸುತ್ತದೆ. ಸಾಲದ್ದಕ್ಕೆ ಆ ನೀರು ಆವಿಯಾಗುವಾಗ ಮೈಯಿಂದಲೇ ಶಾಖ ಕಿತ್ತುಕೊಳ್ಳುತ್ತದೆ.

ಥರ್ಮಸ್‌ಗೆ ಹೇಗೆ ಗೊತ್ತಾಗ್ತದೆ, ಒಳಗಿರೋದು ಬಿಸಿ ಇಡಬೇಕೋ ತಣ್ಣಗಿಡಬೇಕೋ ಅಂತ?

ನಗೆಚಾಟಿಕೆಯಂತೆ ಕೇಳುತ್ತಾರೆ, ಉತ್ತರಕ್ಕೆ ಮಾತ್ರ ಕಾಯುತ್ತಾರೆ. ಅದಕ್ಕೆ ಏನೂ ಗೊತ್ತಿಲ್ಲ, ಅದು ಎರಡೂ ಕಡೆಯ ದಾರಿ ಕಟ್ಟಿ ಕೂತಿದೆ. ಎರಡು ಗೋಡೆ, ನಡುವೆ ಗಾಳಿ ತೆಗೆದ ಖಾಲಿ ಜಾಗ. ಗಾಳಿಯೇ ಇಲ್ಲದ ಮೇಲೆ ಅಲ್ಲಿ ಶಾಖವನ್ನು ಹೊತ್ತೊಯ್ಯಲು ಯಾರೂ ಇಲ್ಲ. ಖಾಲಿ ಜಾಗದಲ್ಲೂ ಕಿರಣವಾಗಿ ದಾಟಬಲ್ಲ ಶಾಖವನ್ನು ತಿರುಗಿಸಿ ಕಳಿಸಲು ಗೋಡೆಗೆ ಕನ್ನಡಿಯಂಥ ಹೊಳಪು. ಜೇಮ್ಸ್ ಡ್ಯೂವರ್ 1892ರಲ್ಲಿ ಇದನ್ನು ಮಾಡಿದ್ದು ಪ್ರಯೋಗಾಲಯದಲ್ಲಿ ಅತಿ ತಣ್ಣನೆಯ ದ್ರವಗಳನ್ನು ಇಟ್ಟುಕೊಳ್ಳಲು. ಕಾಫಿ ಆಮೇಲೆ ಬಂತು.

## ಅಡುಗೆಮನೆ, ಬಚ್ಚಲು, ಕಣ

ಹಬೆ ಯಾಕೆ ಕುದಿಯೋ ನೀರಿಗಿಂತ ಜಾಸ್ತಿ ಸುಡ್ತದೆ? ಎರಡೂ ಒಂದೇ ಡಿಗ್ರಿ ಅಲ್ವಾ?

ಒಂದೇ ಡಿಗ್ರಿ. ನನ್ನ ಎಡಗೈ ಮಣಿಕಟ್ಟಿನ ಮೇಲೆ ಇದರ ಪಾಠದ ಗುರುತು ಇದೆ. ಒಂದು ಭಾನುವಾರ ನೆಂಟರು ಬಂದಿದ್ದರು, ಅಕ್ಕಿ ತರಿಯ ಉಂಡೆ ಕಡಂಬುಟ್ಟು ಬೆಂದಿದೆಯಾ ಎಂದು ನೋಡುವ ಅವಸರದಲ್ಲಿ ಹಬೆ ಪಾತ್ರೆಯ ಮುಚ್ಚಳವನ್ನು ನನ್ನ ಕಡೆಗೇ ಎತ್ತಿದೆ. ಮುಚ್ಚಳ ಆಚೆ ಬದಿಗೆ ತೆರೆಯಬೇಕು ಎಂದು ಮಕ್ಕಳಿಗೆ ಎಷ್ಟು ವರ್ಷ ಹೇಳಿಕೊಟ್ಟಿದ್ದೆನೋ.

ಒಂದು ಗ್ರಾಂ ಕುದಿನೀರು ಕೈಮೇಲೆ ಬಿದ್ದು 40 ಡಿಗ್ರಿಗೆ ಇಳಿಯುವಾಗ ಸುಮಾರು 250 ಜೂಲ್ ಕೊಡುತ್ತದೆ. ಒಂದು ಗ್ರಾಂ ಹಬೆ ಚರ್ಮಕ್ಕೆ ತಾಗಿ ನೀರಾಗುವಾಗಲೇ 2,250 ಜೂಲ್‌ನಷ್ಟು ಇಳಿಸಿಬಿಡುತ್ತದೆ. ಆಮೇಲೆ ಆ ನೀರಿನ 250 ಬೇರೆ. ಒಟ್ಟು ಹತ್ತು ಪಟ್ಟು. ನೀರನ್ನು ಆವಿ ಮಾಡಲು ಒಲೆ ಕೊಟ್ಟ ಶಾಖವೆಲ್ಲ ಅದರೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ಥರ್ಮಾಮೀಟರಿಗೆ ಕಾಣದ ಈ ಗುಪ್ತ ಶಾಖವನ್ನು ಮೊದಲು ಅಳೆದು ತೋರಿಸಿದವರು 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್.

ಸುಟ್ಟರೆ ತಕ್ಷಣ ನಲ್ಲಿ ನೀರಿನ ಕೆಳಗೆ ಹಿಡಿಯಿರಿ, ಇಪ್ಪತ್ತು ನಿಮಿಷ. ಒಲೆಯಿಂದ ದೂರ ಬಂದ ಮೇಲೂ ಚರ್ಮದ ಮೇಲ್ಪದರದ ಶಾಖ ಒಳಪದರಕ್ಕೆ ಇಳಿಯುತ್ತಲೇ ಇರುತ್ತದೆ, ನೀರು ಅದನ್ನು ಹೊರಗೆ ಎಳೆಯುತ್ತದೆ. ಟೂತ್‌ಪೇಸ್ಟ್, ತುಪ್ಪ ಹಚ್ಚಬೇಡಿ.

ಮಡಿಕೇರಿಯಲ್ಲಿ ಬೇಳೆ ಬೇಯೋದೇ ಇಲ್ಲ. ಗ್ಯಾಸ್ ಜೋರು ಮಾಡಿದ್ರೆ ಆಗ್ತದಾ?

ಆಗುವುದಿಲ್ಲ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರ, ಇಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿ ಹತ್ತಿದ ಮೇಲೆ ಎಷ್ಟು ಬೆಂಕಿ ಹಾಕಿದರೂ ಆ ಶಾಖ ನೀರನ್ನು ಆವಿ ಮಾಡುವುದಕ್ಕೆ ಹೋಗುತ್ತದೆ, ಬೇಳೆಗೆ ಸಿಗುವುದು ಅದೇ 96. ಕುಕ್ಕರ್ ಇಡಿ. ಒಳಗಿನ ಒತ್ತಡದಲ್ಲಿ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ.

ನಮ್ಮ ಹೋಂಸ್ಟೇಗೆ ಬಂದವರು ಕೇಳಿದ್ರು: ಕಾಫಿ ಬಿಸಿ ಉಳೀಬೇಕಾದ್ರೆ ಹಾಲು ಈಗಲೇ ಹಾಕ್ಬೇಕಾ, ಕುಡಿಯುವಾಗ ಹಾಕ್ಬೇಕಾ?

ನಮ್ಮಲ್ಲಿ ಡಿಕಾಕ್ಷನ್‌ಗೆ ಹಾಕುವುದು ಕಾಯಿಸಿದ ಹಾಲು, ಇಲ್ಲದಿದ್ದರೆ ಬೆಲ್ಲದ ಕರಿ ಕಾಫಿ. ಹಾಗಾಗಿ ಈ ಪ್ರಶ್ನೆ ತಣ್ಣನೆ ಹಾಲು ಹಾಕಿಕೊಳ್ಳುವ ನೆಂಟರದ್ದೇ. ಉತ್ತರ ಮಾತ್ರ ಚೆನ್ನಾಗಿದೆ.

ನ್ಯೂಟನ್ 1701ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಬರಹವೊಂದರಲ್ಲಿ ಇದರ ಕೀಲಿ ಇದೆ. ವಸ್ತು ಸುತ್ತಲಿಗಿಂತ ಎಷ್ಟು ಹೆಚ್ಚು ಬಿಸಿ ಇದೆಯೋ ಅಷ್ಟು ವೇಗವಾಗಿ ಆರುತ್ತದೆ. 150 ಮಿಲಿಲೀಟರ್ ಕಾಫಿ 85 ಡಿಗ್ರಿ, ಕೋಣೆಯೂ ಹಾಲೂ 20 ಡಿಗ್ರಿ, ಹಾಲು 50 ಮಿಲಿಲೀಟರ್ ಎನ್ನಿ. ಹಾಲಿಲ್ಲದೆ ಹತ್ತು ನಿಮಿಷ ಬಿಟ್ಟಾಗ ಆ 65 ಡಿಗ್ರಿ ಅಂತರದಲ್ಲಿ ನೂರಕ್ಕೆ ಮೂವತ್ತು ಪಾಲು ಕಳೆಯಿತು ಎಂದಿಟ್ಟುಕೊಂಡು, ಆಮೇಲೆ ಹಾಲು ಸುರಿದರೆ ಸುಮಾರು 54 ಡಿಗ್ರಿ ಉಳಿಯುತ್ತದೆ. ಮೊದಲೇ ಹಾಲು ಹಾಕಿ ಹತ್ತು ನಿಮಿಷ ಕಾದರೆ ಸುಮಾರು 57. ಹಾಲು ಬಿದ್ದ ಕಾಫಿ ಆಗಲೇ ಸ್ವಲ್ಪ ತಣ್ಣಗಿರುವುದರಿಂದ ನಿಧಾನ ಆರುತ್ತದೆ, ಪ್ರಮಾಣವೂ ಜಾಸ್ತಿ. ಬಿಸಿ ಉಳಿಯಬೇಕೆಂದರೆ ಮೊದಲೇ ಹಾಕಿ. ಬಸ್ಸು ಹೊರಡುವ ಹೊತ್ತಾಗಿದ್ದರೆ ಕೊನೆಗೆ.

ಬಸ್ಸಿನ ಅವಸರಕ್ಕೆ ಇದಕ್ಕಿಂತ ಒಳ್ಳೆಯದು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುವುದು. ಒಂದು ಲೋಟ ಕಾಫಿಯಿಂದ ಒಂದೇ ಒಂದು ಗ್ರಾಂ ಆವಿಯಾಗಿ ಹೋದರೂ ಎರಡೂವರೆ ಡಿಗ್ರಿ ಇಳಿದಂತೆ.

ತಾಮ್ರದ ಹಂಡೆಯಲ್ಲಿ ನೀರು ಬೇಗ ಕಾಯ್ತದೆ ಅಂತ ಅಜ್ಜಿ ಹೇಳ್ತಿದ್ರು. ಸ್ಟೀಲಿಗಿಂತ ಅಷ್ಟು ವ್ಯತ್ಯಾಸ ಇದ್ಯಾ?

ಪುಸ್ತಕದ ಅಂಕಿ ನೋಡಿದರೆ ಅಜ್ಜಿ ಗೆದ್ದರು. ತಾಮ್ರ ಸ್ಟೇನ್‌ಲೆಸ್ ಸ್ಟೀಲಿಗಿಂತ 25 ಪಟ್ಟು ಹೆಚ್ಚು ಸಲೀಸಾಗಿ ಶಾಖ ದಾಟಿಸುತ್ತದೆ. ಹಾಗೆಂದು ನೀರು 25 ಪಟ್ಟು ಬೇಗ ಕಾಯುವುದಿಲ್ಲ, ಎರಡು ಪಟ್ಟೂ ಇಲ್ಲ.

ಶಾಖ ದಾಟಬೇಕಾದ ದಾರಿಯನ್ನು ಯೋಚಿಸಿ. ಬೆಂಕಿಯ ಬಿಸಿ ಗಾಳಿಯಿಂದ ಹಂಡೆಯ ಹೊರಮೈಗೆ, ಹೊರಮೈಯಿಂದ ಲೋಹದ ಮೂಲಕ ಒಳಮೈಗೆ, ಒಳಮೈಯಿಂದ ನೀರಿಗೆ. ಲೋಹದ ತಗಡು ಒಂದೆರಡು ಮಿಲಿಮೀಟರ್, ಅದನ್ನು ದಾಟುವುದು ತಾಮ್ರದಲ್ಲೂ ಸ್ಟೀಲಲ್ಲೂ ದೊಡ್ಡ ಕೆಲಸ ಅಲ್ಲ. ಇಡೀ ದಾರಿಯಲ್ಲಿ ತಡೆ ಇರುವುದು ಮೊದಲ ಹೆಜ್ಜೆಯಲ್ಲಿ, ಗಾಳಿ ತನ್ನ ಶಾಖವನ್ನು ಲೋಹಕ್ಕೆ ಒಪ್ಪಿಸುವ ಜಾಗದಲ್ಲಿ. ದಾರಿ ನಡುವಿನ ಆನೆಕಾಡಿನ ಹತ್ತಿರ ರಸ್ತೆ ಕಿತ್ತುಹೋಗಿದ್ದರೆ ಮಡಿಕೇರಿಯ ರಸ್ತೆಯನ್ನು ಎಷ್ಟು ಅಗಲ ಮಾಡಿದರೂ ಕುಶಾಲನಗರಕ್ಕೆ ಬೇಗ ಮುಟ್ಟಲಾಗದು, ಹಾಗೆ. ಬೇಗ ಕಾಯಬೇಕೆಂದರೆ ಜ್ವಾಲೆ ಹಂಡೆಯ ಸುತ್ತ ಅಪ್ಪಿಕೊಂಡು ಹೋಗುವಂತೆ ಒಲೆ ಕಟ್ಟಬೇಕು.

ತಾಮ್ರ ನಿಜಕ್ಕೂ ಗೆಲ್ಲುವುದು ಶಾಖ ಸಮವಾಗಿ ಹರಡುವುದರಲ್ಲಿ. ತೆಳು ಸ್ಟೀಲ್ ಪಾತ್ರೆಯಲ್ಲಿ ಪಾಯಸ ಒಂದೇ ಜಾಗದಲ್ಲಿ ತಳ ಹಿಡಿಯುವುದು ಶಾಖ ಪಕ್ಕಕ್ಕೆ ಹರಿಯದ ಕಾರಣ. ಹೊರಗಿನ ತೆಳ್ಳನೆ ಮಸಿಯನ್ನು ಫಳಫಳ ಉಜ್ಜುವ ಅಗತ್ಯವಿಲ್ಲ, ಕಪ್ಪು ಮೈ ಕೆಂಡದ ಕಿರಣವನ್ನು ಚೆನ್ನಾಗಿ ಹೀರುತ್ತದೆ. ಚಕ್ಕೆ ಚಕ್ಕೆಯಾಗಿ ದಪ್ಪ ಕಟ್ಟಿದರೆ ಕೆರೆಯಿರಿ.

ಕಣದಲ್ಲಿ ಕಾಫಿ ಯಾಕೆ ಗಂಟೆಗೊಂದು ಸಲ ತಿರುವುತ್ತಾ ಇರ್ಬೇಕು? ಬಿಸಿಲು ಇದ್ಯಲ್ಲ, ತಾನೇ ಒಣಗ್ತದೆ.

ಮೇಲಿನ ಪದರ ಒಣಗುತ್ತದೆ. ಅದು ಒಣಗಿದಷ್ಟೂ ಕೆಳಗಿನದಕ್ಕೆ ಹೊದಿಕೆಯಾಗುತ್ತದೆ. ಬಿಸಿಲಿನ ಶಾಖ ಕೆಳಗೆ ಇಳಿಯುವುದಿಲ್ಲ, ಕೆಳಗಿನ ತೇವ ಮೇಲೆ ಏಳುವುದಿಲ್ಲ.

ಜನವರಿ ಮಧ್ಯಾಹ್ನದ ನಿರ್ಮಲ ಬಿಸಿಲು ಒಂದು ಚದರ ಮೀಟರಿಗೆ 1,000 ವ್ಯಾಟಿನ ಒಳಗೇ. ಅಷ್ಟೂ ಶಾಖ ಆವಿ ಮಾಡುವುದಕ್ಕೇ ಹೋದರೂ ಗಂಟೆಗೆ ಒಂದೂವರೆ ಕಿಲೋ ನೀರು ಏಳಬಹುದು, ಅದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ನಿಜದಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಹಣ್ಣಿನ ಒಳಗಿನ ತೇವ ಸಿಪ್ಪೆ ದಾಟಿ ಹೊರಬರಲು ಅದರದೇ ಸಮಯ ತೆಗೆದುಕೊಳ್ಳುತ್ತದೆ. ಬಂದ ತೇವವನ್ನು ಹೊತ್ತೊಯ್ಯಲು ಗಾಳಿಯೂ ಆಡಬೇಕು. ಗಾಳಿ ಬೀಸುವ ಸಾಧಾರಣ ಬಿಸಿಲಿನ ದಿನ, ಉಸಿರು ಕಟ್ಟುವ ಜೋರು ಬಿಸಿಲಿನ ದಿನಕ್ಕಿಂತ ಚೆನ್ನಾಗಿ ಒಣಗಿಸಿದ್ದನ್ನು ಕಣದವರೆಲ್ಲ ನೋಡಿರುತ್ತಾರೆ.

ಇನ್ನೊಂದು ಮಾತು. ಅರೆ ಒಣಗಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸಿದಿರಿ. ಬೆಳಿಗ್ಗೆ ರಾಶಿಯೊಳಗೆ ಮೊಣಕೈ ತನಕ ಕೈ ತೂರಿಸಿ ನೋಡಿ. ಬೆಚ್ಚಗಿದ್ದರೆ ಅದು ನಿನ್ನೆಯ ಬಿಸಿಲು ಅಂದುಕೊಳ್ಳಬೇಡಿ. ಒಳಗೆ ಹುಳಿಯುವ ಕ್ರಿಯೆ ನಡೆದು ಹುಟ್ಟಿದ ಶಾಖ ಅದು, ರಾಶಿ ದಪ್ಪ ಇರುವುದರಿಂದ ಹೊರಬರಲು ದಾರಿ ಸಿಕ್ಕಿಲ್ಲ. ಕೂಡಲೇ ತೆಳ್ಳಗೆ ಹರಡಿ. ತಡ ಮಾಡಿದರೆ ಬೀಜದ ವಾಸನೆ ಕೆಟ್ಟು, ದರ ಕೇಳುವಾಗ ತಲೆ ತಗ್ಗಿಸಬೇಕಾಗುತ್ತದೆ.

## ತಲೆ ಕೆರೆಯುವಂಥವು

ಸುಗ್ಗಿಯ ಪುತ್ತರಿ ಹಬ್ಬ ಕಳೆದ ಮೇಲೆ ಬೆಳಿಗ್ಗೆ ಅಂಗಳದ ಕಾರಿನ ಗಾಜು ಪೂರ್ತಿ ಇಬ್ಬನಿ. ಹಲಸಿನ ಮರದಡಿ ನಿಲ್ಲಿಸಿದ ಜೀಪು ಒಣ. ಮರ ಇಬ್ಬನಿ ತಡೀತದಾ?

ಇಬ್ಬನಿ ಮಳೆಯ ಹಾಗೆ ಮೇಲಿಂದ ಬೀಳುವುದಿಲ್ಲವಲ್ಲ, ಮರ ತಡೆಯಲು. ಗಾಜಿಗೆ ತಾಗಿದ ಗಾಳಿಯ ತೇವವೇ ತಣ್ಣನೆ ಗಾಜಿನ ಮೇಲೆ ಹನಿಗಟ್ಟುತ್ತದೆ. ಪ್ರಶ್ನೆ ಇರುವುದು, ಕಾರಿನ ಗಾಜು ಸುತ್ತಲಿನ ಗಾಳಿಗಿಂತಲೂ ತಣ್ಣಗಾದದ್ದು ಹೇಗೆ ಎನ್ನುವುದರಲ್ಲಿ.

ಬಿಸಿಯೋ ತಣ್ಣಗೋ, ಪ್ರತಿ ವಸ್ತುವೂ ಕಣ್ಣಿಗೆ ಕಾಣದ ಕಿರಣವಾಗಿ ಶಾಖ ಚೆಲ್ಲುತ್ತಿರುತ್ತದೆ. ಮೋಡವಿಲ್ಲದ ರಾತ್ರಿ ಕಾರಿನ ಗಾಜು ಆಕಾಶದ ಕಡೆಗೆ ಚೆಲ್ಲುತ್ತದೆ, ಆಕಾಶದಿಂದ ವಾಪಸ್ ಬರುವುದು ಕಡಿಮೆ. ದಿನಾ ಕೊಟ್ಟು ಕಡಿಮೆ ಪಡೆಯುವವನ ಹಾಗೆ ಗಾಜಿನ ಖಾತೆ ಇಳಿಯುತ್ತಾ ಹೋಗಿ ಗಾಳಿಗಿಂತ ಕೆಳಗೆ ಮುಟ್ಟುತ್ತದೆ. ಜೀಪಿನ ತಲೆಯ ಮೇಲೆ ಹಲಸಿನ ಎಲೆಗಳಿವೆ. ಅವು ಹೆಚ್ಚುಕಡಿಮೆ ಗಾಳಿಯಷ್ಟೇ ಬೆಚ್ಚಗಿದ್ದು, ಜೀಪು ಕೊಟ್ಟಷ್ಟನ್ನೂ ತಿರುಗಿಸಿ ಕೊಡುತ್ತವೆ. ಕಕ್ಕಡದಲ್ಲಿ ಹಗಲು ರಾತ್ರಿಯ ವ್ಯತ್ಯಾಸ ಅಷ್ಟಾಗಿ ತಿಳಿಯದಿರುವುದೂ ಇದಕ್ಕೇ, ಮೋಡ ಇಡೀ ಜಿಲ್ಲೆಗೆ ಹಲಸಿನ ಮರದ ಕೆಲಸ ಮಾಡುತ್ತಿರುತ್ತದೆ. ಕಾಫಿಯ ಮೇಲಿನ ನೆರಳು ಮರಗಳೂ ಅಷ್ಟೇ. ಹಗಲಿನ ಬಿಸಿಲು ತಡೆಯುವುದನ್ನು ಎಲ್ಲರೂ ಹೇಳುತ್ತಾರೆ, ರಾತ್ರಿಯ ಕಾವಲು ಯಾರ ಬಾಯಲ್ಲೂ ಬರುವುದಿಲ್ಲ.

ಇದೇ ಉಪಾಯದಿಂದ ಅಲಹಾಬಾದಿನಲ್ಲಿ ಐಸ್ ಮಾಡುತ್ತಿದ್ದರು. ಹುಲ್ಲು ಹಾಸಿದ ಗುಂಡಿಯಲ್ಲಿ ಮಣ್ಣಿನ ಚಿಕ್ಕ ತಟ್ಟೆಗಳಿಟ್ಟು ತೆಳ್ಳಗೆ ನೀರು ಹೊಯ್ದರೆ, ಚಳಿಗಾಲದ ನಿರ್ಮಲ ರಾತ್ರಿ ಕಳೆಯುವಷ್ಟರಲ್ಲಿ ಹೆಪ್ಪುಗಟ್ಟುತ್ತಿತ್ತು. ರಾಬರ್ಟ್ ಬಾರ್ಕರ್ ಎಂಬ ಅಧಿಕಾರಿ 1775ರಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ.

ತಣ್ಣಗಿರೋದು ಬಿಸಿಗೆ ಶಾಖ ಕೊಡೋದೇ ಇಲ್ವಾ? ಒಂಚೂರೂ?

ಕೊಡುತ್ತದೆ. ಪಾಠ ಹೇಳುವಾಗ ನಾವು ಮುಚ್ಚಿಡುವ ಸಂಗತಿ ಇದು. ನಿಮ್ಮ ಚರ್ಮ ಒಂದು ಚದರ ಮೀಟರಿಗೆ ಸುಮಾರು 500 ವ್ಯಾಟ್ ಕಿರಣವಾಗಿ ಹೊರಗೆ ಕಳಿಸುತ್ತದೆ. ಎದುರಿನ 17 ಡಿಗ್ರಿಯ ತಣ್ಣನೆ ಗೋಡೆಯೂ ನಿಮ್ಮ ಕಡೆಗೆ ಸುಮಾರು 400 ವ್ಯಾಟ್ ಕಳಿಸುತ್ತಿರುತ್ತದೆ. ಕೊಟ್ಟು ತೆಗೆದುಕೊಂಡು ನೀವು ಕಳೆದುಕೊಳ್ಳುವುದು 100. 'ಬಿಸಿಯಿಂದ ತಣ್ಣಗಿನ ಕಡೆಗೆ' ಎನ್ನುವುದು ಈ ನಿವ್ವಳ ಲೆಕ್ಕದ ಮಾತು.

ನಿವ್ವಳ ಹರಿವು ತಾನಾಗಿ ತಿರುಗುಮುರುಗಾಗದು ಎಂದು 1850ರಲ್ಲಿ ನಿಯಮ ಮಾಡಿದವರು ಕ್ಲಾಸಿಯಸ್. 'ತಾನಾಗಿ' ಎನ್ನುವ ಪದದ ಮೇಲೆ ಬೆರಳಿಡಿ. ಕರೆಂಟು ಕೊಟ್ಟರೆ ಫ್ರಿಜ್ಜು ಒಳಗಿನ ತಣ್ಣನೆ ಹಾಲಿನಿಂದ ಶಾಖ ತೆಗೆದು ಬೆಚ್ಚನೆ ಅಡುಗೆಮನೆಗೆ ಹಾಕುತ್ತದೆ. ಅದರ ಹಿಂಭಾಗ ಮುಟ್ಟಿ ನೋಡಿ. ಸೆಖೆಗೆಂದು ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗದು, ಕರೆಂಟಿನ ಶಾಖವೂ ಸೇರಿ ಇನ್ನಷ್ಟು ಬಿಸಿಯಾಗುತ್ತದೆ.

ಬಿಸಿ ನೀರು ತಣ್ಣೀರಿಗಿಂತ ಬೇಗ ಐಸ್ ಆಗ್ತದಂತೆ, ನಿಜವಾ?

1963ರಲ್ಲಿ ತಾಂಜಾನಿಯಾದ ಶಾಲಾ ಹುಡುಗ ಎರಾಸ್ಟೋ ಎಂಪೆಂಬಾ ಐಸ್‌ಕ್ರೀಂ ಮಾಡುವಾಗ ಹೀಗೆ ಕಂಡ. ಮೇಷ್ಟ್ರು ನಕ್ಕರು. ಹುಡುಗ ಬಿಡದೆ ಭೌತಶಾಸ್ತ್ರದ ಪ್ರಾಧ್ಯಾಪಕ ಡೆನಿಸ್ ಆಸ್ಬೋರ್ನ್ ಅವರನ್ನು ಕೇಳಿದ, 1969ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಆಮೇಲೆ ಎಚ್ಚರದಿಂದ ಅಳೆದ ಕೆಲವರಿಗೆ ಅದು ಕಂಡಿಲ್ಲ, ವಾದ ಇನ್ನೂ ಮುಗಿದಿಲ್ಲ. ಥರ್ಮಾಮೀಟರು ಇಟ್ಟ ಜಾಗ ಒಂದು ಸೆಂಟಿಮೀಟರ್ ಆಚೀಚೆ ಆದರೂ ಫಲಿತಾಂಶ ಬದಲಾಗುವಂಥ ಪ್ರಯೋಗ. ನಗಬಾರದಿತ್ತು ಎನ್ನುವುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಹಿರಿಯರ ಕಾಲದ ಐನ್‌ಮನೆಯ ಮಣ್ಣಿನ ಗೋಡೆ ಹಗಲು ತಂಪು, ರಾತ್ರಿ ಬೆಚ್ಚಗೆ. ನಮ್ಮ ಹೊಸ ಮನೆ ಯಾಕೆ ಹಾಗಿಲ್ಲ?

ಗೋಡೆಯ ದಪ್ಪಕ್ಕೂ ಸಮಯಕ್ಕೂ ಇರುವ ನಂಟು ಇದು. ಶಾಖ ಗೋಡೆಯೊಳಗೆ ನಡೆಯುವುದಕ್ಕೆ ಒಂದು ವಿಚಿತ್ರ ಲೆಕ್ಕವಿದೆ, ದಪ್ಪ ಎರಡು ಪಟ್ಟಾದರೆ ಬಿಸಿ ಇನ್ನೊಂದು ಬದಿಗೆ ಹರಡಿಕೊಳ್ಳಲು ನಾಲ್ಕು ಪಟ್ಟು ಸಮಯ ಬೇಕು. ಇದರ ಗಣಿತವನ್ನು ಫ್ರಾನ್ಸಿನ ಫೋರಿಯರ್ 1822ರಲ್ಲಿ ಪುಸ್ತಕವಾಗಿ ತಂದರು.

ದಿನಾ ಏರಿ ಇಳಿಯುವ ಬಿಸಿಲಿನ ಬಿಸಿ ಒಂದೇ ಸಲ ಬಂದು ನಿಲ್ಲುವಂಥದ್ದಲ್ಲ, ಅದನ್ನು ಅಲೆ ಎಂದುಕೊಳ್ಳಿ, ಅಲೆಯ ತಡ ಮಾತ್ರ ದಪ್ಪದಷ್ಟೇ ಪಟ್ಟು ಏರುತ್ತದೆ. ಮಣ್ಣಿನ ಗೋಡೆಯಲ್ಲಿ ಪ್ರತಿ 12 ಸೆಂಟಿಮೀಟರ್ ದಾಟುವಷ್ಟರಲ್ಲಿ ಆ ಅಲೆ ಸುಮಾರು ಮೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ, ಸುಮಾರು ನಾಲ್ಕು ಗಂಟೆ ತಡವೂ ಆಗುತ್ತದೆ. ಒಂದೂವರೆ ಅಡಿ ಗೋಡೆ ಎಂದರೆ 45 ಸೆಂಟಿಮೀಟರ್. ಮಧ್ಯಾಹ್ನ ಎರಡಕ್ಕೆ ಹೊರಮೈಗೆ ತಾಗಿದ ಬಿಸಿ ಒಳಮೈ ಮುಟ್ಟುವಾಗ ಬೆಳಗಿನ ಜಾವ ನಾಲ್ಕೂವರೆ ಐದು ಗಂಟೆ. ಅಷ್ಟರಲ್ಲಿ ನಲವತ್ತರಲ್ಲಿ ಒಂದು ಪಾಲಿನಷ್ಟೇ ಉಳಿದಿರುತ್ತದೆ. ಒಳಗಿರುವವರಿಗೆ ಗೋಡೆ ಹಗಲು ರಾತ್ರಿ ಒಂದೇ ಹದ. ಹೊರಗೆ ಸುಡುವಾಗ ಅದು ತಂಪು, ಹೊರಗೆ ನಡುಕವಿದ್ದಾಗ ಅದೇ ಬೆಚ್ಚಗೆ.

ನಿಮ್ಮ ಹೊಸ ಮನೆಯ ಗೋಡೆ ಆರು ಇಂಚಿನ ಸಿಮೆಂಟ್ ಬ್ಲಾಕು, ಮೇಲೆ ಶೀಟು. ಶೀಟಿಗೆ ಒಂದು ಮಿಲಿಮೀಟರ್ ದಪ್ಪವೂ ಇಲ್ಲ, ಬಿಸಿಲು ಬಿದ್ದ ನಿಮಿಷಗಳಲ್ಲಿ ಕಾದು ನೇರ ನಿಮ್ಮ ತಲೆಗೆ ಕಿರಣ ಸುರಿಸುತ್ತದೆ, ಸಂಜೆ ಅಷ್ಟೇ ಬೇಗ ಆರಿ ಆಕಾಶಕ್ಕೆ ಚೆಲ್ಲುತ್ತದೆ. ಗೋಡೆ ಈಗ ಬದಲಾಯಿಸಲು ಆಗುವುದಿಲ್ಲ. ಶೀಟಿನ ಕೆಳಗೆ ಒಂದಡಿ ಗಾಳಿ ಬಿಟ್ಟು ಹಲಗೆಯದೋ ಬಿದಿರು ಚಾಪೆಯದೋ ಅಟ್ಟ ಹೊಡೆಸಿ, ಆ ಗಾಳಿ ಹೊರಹೋಗಲು ಎರಡೂ ಬದಿಯ ತ್ರಿಕೋನದಲ್ಲಿ ಜಾಲರಿ ಇಡಿಸಿ. ಜಾಲರಿ ಸಣ್ಣ ಕಣ್ಣಿನದಿರಲಿ, ಬಾವಲಿ ಬಂದು ಸೇರಿಕೊಂಡರೆ ಅದನ್ನು ಓಡಿಸುವ ವಿಜ್ಞಾನ ನನಗೆ ಬರುವುದಿಲ್ಲ.